ಗುರುವಾರದ ಬೇಸೂರು

ಗೇರ್ ಕಡಿಯುವವನಿಗೆ ಅರ್ಧ ಹಲ್ಲು ಅನ್ನುವುದು ಇಲ್ಲ. ನಲವತ್ತು ಹಲ್ಲಿನ ಚಕ್ರ ಮಾಡಬಹುದು, ನಲವತ್ತೊಂದರದ್ದೂ ಮಾಡಬಹುದು. ನಲವತ್ತೂವರೆ ಹಲ್ಲಿನದು ಬೇಕು ಎಂದು ಯಾರಾದರೂ ಬಂದರೆ ಚಹಾ ಕುಡಿಸಿ ಬೇರೆ ಅಂಗಡಿ ತೋರಿಸುತ್ತೇನೆ. ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಗೇರ್ ಶಾಪು ನಡೆದಿದೆ. ಹೆಸರು ಮೌನೇಶ ಕಮ್ಮಾರ. ಮೌನ ಹೆಸರಿನಲ್ಲಷ್ಟೇ ಇದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ, ಅದು ಸುಳ್ಳೇನಲ್ಲ.

ನನ್ನ ಹೆಂಡತಿ ವಿಶಾಲಾಕ್ಷಿಯ ಕೆಲಸ ಆಕಾಶದಲ್ಲಿ. ಕೆಟ್ಟುಹೋದ ಉಪಗ್ರಹಗಳನ್ನು ಅಲ್ಲಿಗೇ ಹೋಗಿ ರಿಪೇರಿ ಮಾಡುತ್ತಾಳೆ. ಲೈನ್‌ಮನ್ ಕಂಬ ಹತ್ತಿದ ಹಾಗೆ, ಒಬ್ಬಳೇ ಕೂರುವಷ್ಟು ಜಾಗದ ನೌಕೆಯಲ್ಲಿ ನಾನೂರು ಕಿಲೋಮೀಟರ್ ಮೇಲೆ ಹೋಗಿ, ಎರಡು ದಿನ ಸ್ಕ್ರೂ ತಿರುವಿ ಇಳಿದು ಬರುತ್ತಾಳೆ. ನಮ್ಮ ಓಣಿಯವರಿಗೆ ಇದು ಈಗ ರೂಢಿಯಾಗಿಬಿಟ್ಟಿದೆ. "ವಿಶಾಲಕ್ಕ ಮ್ಯಾಲ ಹೋಗ್ಯಾಳೇನ್ರಿ, ಯಾವಾಗ ಬರತಾಳ?" ಎಂದು ಊರಿಗೆ ಹೋದವರನ್ನು ಕೇಳಿದಂತೆ ಕೇಳುತ್ತಾರೆ.

ಆ ಸೋಮವಾರ ಬೆಳಿಗ್ಗೆ ಆಕೆ ಮೇಲಿದ್ದಾಗಲೇ ಸೂರ್ಯ ಕೆರಳಿದ. ಅವನಿಂದ ಹೊರಟ ವಿದ್ಯುತ್ಕಣಗಳ ಬಿರುಗಾಳಿ ಭೂಮಿಗೆ ಬಡಿದು, ಎಲೆಕ್ಟ್ರಾನಿಕ್ ಚಿಪ್ಪು ಅನ್ನುವ ಚಿಪ್ಪೆಲ್ಲ ಸುಟ್ಟುಹೋಯಿತು. ಫೋನು ಸತ್ತಿತು, ಕರೆಂಟು ಹೋಯಿತು, ರಸ್ತೆಯಲ್ಲಿ ಕಾರುಗಳು ಎಲ್ಲಿದ್ದವೋ ಅಲ್ಲೇ ನಿಂತವು. ನನ್ನ ಶಾಪಿನಲ್ಲಿ ಕಂಪ್ಯೂಟರ್ ಹಾಕಿದ ಹೊಸ ಮಿಷನ್ನುಗಳೆಲ್ಲ ಕಲ್ಲಾದವು. ಉಳಿದದ್ದು ಅಪ್ಪನ ಕಾಲದ ಮಿಲ್ಲಿಂಗ್ ಮಿಷನ್ನು, ಅದನ್ನು ಪಟ್ಟಾ ಹಾಕಿ ತಿರುಗಿಸುವ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್ನು. ಅವಕ್ಕೆ ಚಿಪ್ಪಿನ ಪರಿಚಯವೇ ಇರಲಿಲ್ಲ.

ಮಂಗಳವಾರ ಮುಂಜಾನೆ ಊರಾಚೆಯ ಗುಡ್ಡದ ಮೇಲಿನ ನೆಲಕೇಂದ್ರದಿಂದ ಒಬ್ಬ ಹೆಣ್ಣುಮಗಳು ಸೈಕಲ್ ತುಳಿಯುತ್ತ ಶಾಪಿಗೆ ಬಂದಳು. ಬೆವರಿ ತೊಯ್ದಿದ್ದಳು. ತ್ರಿವೇಣಿ ಕುಲಕರ್ಣಿ, ಅಲ್ಲಿನ ಎಂಜಿನಿಯರು, ವಿಶಾಲಾಕ್ಷಿಯ ನೌಕೆಯನ್ನು ನೆಲದಿಂದ ನೋಡಿಕೊಳ್ಳುವವಳು.

"ಅಕ್ಕಾರು ಆರಾಮ ಇದ್ದಾರ," ಎಂದಳು ಮೊದಲಿಗೆ. "ನಿನ್ನೆ ಸಂಜೀಕ ನಮ್ಮ ಮ್ಯಾಲೆ ಹಾದು ಹೋಗೂವಾಗ ಸೌರಫಲಕ ಕೈಲೇ ತಿರುಗಿಸಿ ಬಿಸಿಲು ಹೊಳಿಸಿದ್ರು. ಆದ್ರ ಇಳೀಲಿಕ್ಕೆ ಆಗವಲ್ತು."

"ಯಾಕ ಆಗವಲ್ತು? ಇಳಿಯೂ ರಾಕೆಟ್ ಐತಲ್ಲ."

"ಅದಕ್ಕ ಕೀಲಿ ಅದ. ತಪ್ಪಿ ಯಾರೂ ಹಚ್ಚಬಾರ್ದಂತ. ಕೀಲಿ ನೆಲದಿಂದನ ತಗೀಬೇಕು."

ನನಗೆ ಸಿಟ್ಟು ನೆತ್ತಿಗೇರಿತು. ಒಳಗೆ ಮನುಷ್ಯರನ್ನು ಕೂರಿಸಿ ಹೊರಗಿನಿಂದ ಚಿಲಕ ಹಾಕುವ ಬುದ್ಧಿವಂತ ಯಾವನು ಎಂದು ಕೂಗಾಡಿದೆ. ಆಕೆ ಸುಮ್ಮನೆ ಕೇಳಿಸಿಕೊಂಡು, ನಾನು ಉಸಿರು ತೆಗೆದುಕೊಳ್ಳುವಾಗ ಹೇಳಿದಳು: "ಗಾಳಿ ಶುಕ್ರವಾರ ಬೆಳಗಿನ ತನಕ ಅದರಿ. ಬೈಯೂದು ಆಮ್ಯಾಲೆ ಇಟ್ಕೊಳ್ರಿ."

ಕೀಲಿಯ ಗುಟ್ಟು ಹೀಗಿತ್ತು. ಅದರಲ್ಲಿ ಹಾರ್ಮೋನಿಯಂನ ರೀಡಿನಂಥ ಹನ್ನೆರಡು ಉಕ್ಕಿನ ನಾಲಿಗೆಗಳಿವೆ. ಒಂದೊಂದು ನಾಲಿಗೆ ತನ್ನದೇ ಸ್ವರ ಕೇಳಿದರೆ ಮಾತ್ರ ಮಿಡಿಯುತ್ತದೆ; ಸ್ವರ ಹತ್ತು ಸೆಕೆಂಡು ಅಲುಗದೆ ನಿಂತರೆ ಒಂದು ಕೊಕ್ಕೆ ಬಿಡುತ್ತದೆ. ಮೊದಲನೆಯದು ಸಾ, ಸೆಕೆಂಡಿಗೆ ನಾಲ್ಕುನೂರ ನಲವತ್ತು ಕಂಪನ. ಅದರ ಜೊತೆಗೇ ಉಳಿದ ಹನ್ನೊಂದನ್ನು ಒಂದಾದ ಮೇಲೊಂದು ನುಡಿಸಬೇಕು. ಹನ್ನೆರಡೂ ಕೊಕ್ಕೆ ಬಿಟ್ಟರೆ ಕೀಲಿ ತೆರೆಯಿತು. ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ, ಒಂದು ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ. ಸ್ವರ ಹುಟ್ಟಿಸುವ ಯಂತ್ರ ಕೇಂದ್ರದಲ್ಲಿ ಸುಟ್ಟುಹೋಗಿತ್ತು. ಕಾಲೇಜೊಂದರ ಗಾಜಿನ ಕಪಾಟಿನಿಂದ ತಂದ ಹಳೆಯ ವಾಲ್ವಿನ ಟ್ರಾನ್ಸ್‌ಮಿಟರ್ ಮಾತ್ರ ಬ್ಯಾಟರಿಯ ಮೇಲೆ ಕೆಲಸ ಮಾಡುತ್ತಿತ್ತು, ಅದರಿಂದ ದನಿ ಕಳಿಸಬಹುದು. ನೌಕೆಯ ಸಾದಾ ರೇಡಿಯೊದಲ್ಲಿ ಅದು ಕೀಲಿಗೂ ವಿಶಾಲಾಕ್ಷಿಗೂ ಕೇಳುತ್ತದೆ. ಆಕೆ ತಿರುಗಿ ಮಾತಾಡಲಾರಳು.

"ಹಲ್ಲಿನ ಚಕ್ರ ಕಬ್ಬಿಣದ್ದು, ಅದರ ಮುಂದ ಒಂದು ಅಯಸ್ಕಾಂತದ ಸುರುಳಿ ಇಟ್ರ, ಎಷ್ಟು ಹಲ್ಲು ಹಾದು ಹೋಗ್ತಾವೋ ಅಷ್ಟು ಕಂಪನ," ಎಂದಳು ತ್ರಿವೇಣಿ. "ಒಂದ ಶಾಫ್ಟಿನ ಮ್ಯಾಲೆ ಹನ್ನೆರಡು ಜೋಡಿ ಗೇರು. ಆಗ್ತದೇನ್ರಿ?"

ಆಗುತ್ತದೆಯೇ ಎಂದು ನನ್ನನ್ನು ಕೇಳುತ್ತಾಳೆ. ಗೇರು ಎಂದ ಕೂಡಲೇ ನನ್ನ ಕೈ ತುರಿಸತೊಡಗಿತ್ತು. ಆಕೆ ಸ್ವರಗಳ ಪಟ್ಟಿ ಟೈಪ್ ಮಾಡಿದ ಒಂದು ಹಾಳೆ ಕೊಟ್ಟು, ಟ್ರಾನ್ಸ್‌ಮಿಟರಿನ ಕಡೆ ನೋಡಬೇಕು ಎಂದು ಸೈಕಲ್ ಹತ್ತಿ ಹೋದಳು.

ಸ್ವರದ ವಿಷಯ ಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ, ದಾವಲಸಾಬ ಮಾಸ್ತರರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಆ ಪೇಟಿಗೆ ಸುರ್ ಹಚ್ಚುವುದು ಅವರ ಕಸುಬು. ಎಪ್ಪತ್ತು ದಾಟಿದ ಮನುಷ್ಯ, ಧಾರವಾಡದ ಗಾಯಕರು ಯಾರೇ ಪೇಟಿ ಕೊಂಡರೂ ಮೊದಲು ಅವರ ಮನೆಗೆ ತರುತ್ತಾರೆ. ಯಾಕೆಂದರೆ ಕಾರ್ಖಾನೆಯಿಂದ ಬಂದ ಪೇಟಿಯಲ್ಲಿ ಹನ್ನೆರಡು ಸ್ವರಗಳನ್ನು ಸರಿಸಮ ಮೆಟ್ಟಿಲು ಮಾಡಿ ಕೂರಿಸಿರುತ್ತಾರೆ. ಯಾವ ಸ್ವರವನ್ನು ಬೇಕಾದರೂ ಸಾ ಮಾಡಿಕೊಂಡು ಬಾರಿಸಲು ಅದು ಅನುಕೂಲ, ಆದರೆ ತಂಬೂರಿಗೆ ಹೊಂದುವುದಿಲ್ಲ, ಗಾಂಧಾರ ಏರಿರುತ್ತದೆ. ರೀಡನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಉಜ್ಜಿ ಆ ಗಾಂಧಾರವನ್ನು ಸರಿಯಾದ ಜಾಗಕ್ಕೆ ಇಳಿಸುವುದರಲ್ಲೇ ಮಾಸ್ತರರ ಆಯುಷ್ಯ ಕಳೆದಿತ್ತು.

ಅವರು ಹಾಳೆ ನೋಡಿದವರೇ ಮುಖ ಸಿಂಡರಿಸಿದರು.

"ಇದನ್ನ ಬರದಾಂವ ಕಾರ್ಖಾನಿ ಪೇಟಿ ಕೇಳ್ಯಾನ, ಮೌನೇಶಪ್ಪಾ. ಗಾಂಧಾರ ಐದುನೂರಾ ಐವತ್ನಾಲ್ಕು ಚಿಲ್ಲರೆ ಅಂತ. ಸಾ ನಾಲ್ಕುನೂರ ನಲವತ್ತಾದ್ರ ಗಾಂಧಾರ ಬರೋಬ್ಬರಿ ಐದುನೂರಾ ಐವತ್ತು. ಐದು-ನಾಲ್ಕು. ನಮ್ಮ ಉಸ್ತಾದ್ರು ತಂತಿ ಅಳದು ಕಲಿಸ್ಯಾರ."

"ಪಂಚಮ?"

"ಆರುನೂರಾ ಐವತ್ತೊಂಬತ್ತು ಚಿಲ್ಲರೆ ಅಂತ ಬರದಾನ. ಥೂ. ಆರುನೂರಾ ಅರವತ್ತು. ಮೂರು-ಎರಡು. ಪಂಚಮ ಅಲುಗಿದ್ರ ಲೋಕ ಅಲುಗತೈತಿ."

ಅವರು ಪೆನ್ಸಿಲು ತೆಗೆದುಕೊಂಡು ಹಾಳೆ ತಿದ್ದತೊಡಗಿದರು. ಬೇಡ ಎನ್ನಬೇಕಾಗಿದ್ದವನು ನಾನು. ಆದರೆ ನಿಜ ಹೇಳುತ್ತೇನೆ, ನನಗೆ ಖುಷಿಯೋ ಖುಷಿ. ಅವರು ಹೇಳಿದ್ದೆಲ್ಲ ಇಡೀ ಅಂಕಿ. ಮೂರಕ್ಕೆರಡು, ಐದಕ್ಕೆ ನಾಲ್ಕು, ನಾಲ್ಕಕ್ಕೆ ಮೂರು. ಅರವತ್ತು ಹಲ್ಲಿಗೆ ನಲವತ್ತು ಹಲ್ಲು ಕೂಡಿಸಿದರೆ ಪಂಚಮ, ಅರವತ್ತಕ್ಕೆ ನಲವತ್ತೆಂಟು ಕೂಡಿಸಿದರೆ ಗಾಂಧಾರ. ಕಣ್ಣು ಮುಚ್ಚಿ ಕಡಿಯಬಹುದು. ಹಾಳೆಯಲ್ಲಿದ್ದ ಚಿಲ್ಲರೆ ಅಂಕಿಗಳನ್ನು ಹಲ್ಲಿಗೆ ಇಳಿಸುವುದು ಹೇಗೆ ಎಂದು ನನಗೆ ಒಳಗೊಳಗೇ ಭಯವಿತ್ತು. ಮಾಸ್ತರರು ಆ ಭಯ ತೆಗೆದರು, ನಾನು ತೆಗೆಯಗೊಟ್ಟೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಹಿತ್ತಾಳೆಯ ಇಪ್ಪತ್ತನಾಲ್ಕು ಗೇರು, ಅವಕ್ಕೆ ಹೊಂದಿಸಿದ ಹನ್ನೆರಡು ಕಬ್ಬಿಣದ ಚಕ್ರ ಸಿದ್ಧವಾದವು. ಎಂಜಿನ್ನು, ಗಿರಣಿಯೊಂದರಿಂದ ತಂದ ಭಾರಚಕ್ರ, ಶಾಫ್ಟು ಎಲ್ಲವನ್ನೂ ಹಳೆಯ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಿಗಿದು ಗುಡ್ಡ ಹತ್ತಿಸಿದೆವು. ಹೊತ್ತು ಮುಳುಗಿದ ಮೇಲೆ ನೌಕೆ ನಮ್ಮ ನೆತ್ತಿಯ ಮೇಲೆ ಆರೇ ನಿಮಿಷ ಇರುತ್ತದೆ. ನಾವು ಮುಟ್ಟುವಷ್ಟರಲ್ಲಿ ಹತ್ತು ನಿಮಿಷ ಉಳಿದಿತ್ತು. ತ್ರಿವೇಣಿ ಸುರುಳಿಗಳ ತಂತಿ ಕೂಡಿಸುವುದರಲ್ಲೇ ಮುಳುಗಿದ್ದಳು. ಹಾಳೆಯ ಕಡೆ ಯಾರು ನೋಡಬೇಕು?

"ಒಂದು ಮಾತು ಹೇಳ್ರಿ ಅಕ್ಕಾರಿಗೆ," ಎಂದು ಮೈಕು ನನ್ನ ಬಾಯಿಗೆ ಹಿಡಿದಳು.

"ವಿಶಾಲೀ, ನಾನ. ಕೀಲಿ ತಂದೇನಿ. ಒಂದೊಂದು ಕೊಕ್ಕಿ ಬಿಟ್ಟಂಗ ಎಣಿಸ್ಕೋ. ಎಷ್ಟು ಬಿಟ್ಟೂ ಅಷ್ಟ ಸಲ ಹೊಳಿಸು. ರೊಟ್ಟಿಗೆ ಅವ್ವ ಹಿಟ್ಟು ನಾದಾಕತ್ಯಾಳ, ಲಗೂ ಬಾ."

ಎಂಜಿನ್ನು ಹಚ್ಚಿದೆ. ಮಾಸ್ತರರು ತಮ್ಮ ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದರು. ಅದೊಂದು ಎರಡು ಕವಲಿನ ಉಕ್ಕಿನ ಕಡ್ಡಿ, ಬಡಿದರೆ ಸರಿಯಾಗಿ ನಾಲ್ಕುನೂರ ನಲವತ್ತು ಸಲ ಕಂಪಿಸುತ್ತದೆ. ಶಾಫ್ಟಿಗೆ ಬ್ರೇಕಿನಂತೆ ಸುತ್ತಿದ ತೊಗಲಿನ ಪಟ್ಟಿಯನ್ನು ನಾನು ಬಿಗಿದು ಸಡಿಲಿಸಿ ವೇಗ ತಿದ್ದಿದೆ. ಸುರುಳಿಗೆ ಕೂಡಿಸಿದ ಸ್ಪೀಕರಿನಲ್ಲಿ ಸಾ ನಿಂತಿತು. ಅದರ ಮೇಲೆ ಒಂದೊಂದೇ ಸ್ವರ ಏರಿತು. ಎಂಥ ದನಿ ಅಂತೀರಿ. ಎರಡು ದನಿ ಕೂಡಿದರೆ ನಡುವೆ ಒಂದು ಎಳೆ ನಡುಕ ಇರಲಿಲ್ಲ, ಒಂದೇ ಗಂಟಲಿನಿಂದ ಬಂದ ಹಾಗೆ ಇತ್ತು. ಪಂಚಮ ಬಂದಾಗ ಕೇಂದ್ರದ ಕಾವಲುಗಾರ ಟೋಪಿ ತೆಗೆದು ನಿಂತ. ಮಾಸ್ತರರ ಕಣ್ಣಲ್ಲಿ ನೀರಿತ್ತು. ನನಗೂ ಮೈ ಜುಮ್ಮೆಂದಿತು, ಕೆಲಸ ಆಗಿಹೋಯಿತು ಎಂದುಕೊಂಡೆ.

ಹನ್ನೆರಡೂ ಮುಗಿದವು. ಆಕಾಶದಲ್ಲಿ ನೌಕೆ ಒಂದು ಚುಕ್ಕೆಯಾಗಿ ಜಾರುತ್ತಿತ್ತು. ಅದು ಒಮ್ಮೆ ಹೊಳೆಯಿತು.

ಕಾದೆವು. ಇನ್ನೊಂದು ಹೊಳಪು ಬರಲಿಲ್ಲ. ಚುಕ್ಕೆ ಮೂಡಣಕ್ಕೆ ಇಳಿದು ಮರೆಯಾಯಿತು. ಬಿಟ್ಟದ್ದು ಸಾ ಒಂದೇ.

ತ್ರಿವೇಣಿ ಹಾಳೆಯನ್ನು ಎತ್ತಿ ನೋಡಿದಳು. ಪೆನ್ಸಿಲಿನ ತಿದ್ದುಪಡಿಗಳ ಮೇಲೆ ಬೆರಳಾಡಿಸಿದಳು. ಸಿಟ್ಟಿನಲ್ಲಿ ಆಕೆಯ ದನಿ ತೀರ ಸಣ್ಣಗಾಯಿತು.

"ಇದನ್ನ ಯಾರು ತಿದ್ದಿದ್ರು?"

"ನಾನವ್ವಾ," ಎಂದರು ಮಾಸ್ತರರು. "ತಪ್ಪಿತ್ತು, ಅದಕ್ಕ."

"ತಪ್ಪು ಅಲ್ರಿ ಅದು, ಬೇಕಂತನ ಹಂಗ ಇಟ್ಟದ್ದು. ಶುದ್ಧ ಸ್ವರ ಇಟ್ರ ಒಂದು ನಾಲಿಗಿ ನುಡಿದ್ರ ಇನ್ನೊಂದು ತಾನಾಗಿ ಮಿಡೀತದ. ನಿಮ್ಮ ತಂಬೂರಿಯೊಳಗ ಆಗೂದಿಲ್ಲೇನು? ಕೀಲಿಯೊಳಗ ಹಂಗಾದ್ರ ಹೆಂಗ? ಅದಕ್ಕ ಒಂದಕ್ಕೊಂದು ಹೊಂದಬಾರ್ದಂತ ಹನ್ನೆರಡು ಸರಿಸಮ ಮೆಟ್ಟಿಲಿನ ಮ್ಯಾಲೆ ಕೂಡಿಸ್ಯಾರ. ನಿಮ್ಮ ಗಾಂಧಾರ ಹದಿನಾಲ್ಕು ಪಾಲು ತಪ್ಪೇದ. ಪಂಚಮ ಎರಡು ಪಾಲು. ಒಂದು ಪಾಲು ತಪ್ಪಿದ್ರ ಬಿಡೂದಿಲ್ಲ ಅಂತ ಹೇಳಿದ್ನೋ ಇಲ್ಲೋ?"

ಮಾಸ್ತರರು ಟ್ರೇಲರಿನ ಅಂಚಿಗೆ ಕುಸಿದು ಕೂತರು. ತಪ್ಪು ಅವರೊಬ್ಬರದೇ ಎಂದು ನಾನು ಬಿಡಬಹುದಿತ್ತು. ಬಿಡಲಿಲ್ಲ. "ನಾನೂ ಒಪ್ಪಿದ್ದೆ. ಕಡಿಯಾಕ ಸಸಾರ ಇತ್ತಂತ ಒಪ್ಪಿದೆ," ಎಂದೆ. ಇನ್ನು ಗುರುವಾರ ಸಂಜೆಯ ಆರು ನಿಮಿಷ ಮಾತ್ರ ಉಳಿದಿತ್ತು. ಅದು ಬಿಟ್ಟರೆ ಮತ್ತೆ ನೌಕೆ ನಮ್ಮ ಮೇಲೆ ಬರುವಷ್ಟರಲ್ಲಿ ಒಳಗೆ ಗಾಳಿ ಇರುವುದಿಲ್ಲ.

ಮನೆಗೆ ಬಂದೆ. ಅವ್ವ ನನ್ನ ಮುಖ ನೋಡಿ ತಿಳಿದುಕೊಂಡಳು. ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು ಎದುರಿಗೆ ಕೂತಳು. ನಾನು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕೂತೆ. ಕ್ಯಾಲ್ಕುಲೇಟರು ಸತ್ತಿದ್ದರಿಂದ ಎಲ್ಲ ಕೈಲೆಕ್ಕ. ಸರಿಸಮ ಮೆಟ್ಟಿಲಿನ ಅಂಕಿಗಳೆಲ್ಲ ಮುಗಿಯದ ದಶಾಂಶಗಳು. ಅವಕ್ಕೆ ಹಲ್ಲು ಎಣಿಸಿ ಕೊಡಲು ಬರುವುದಿಲ್ಲ, ಹತ್ತಿರದ ಜೋಡಿ ಹುಡುಕಬೇಕು. ರಿಷಭಕ್ಕೆ ಐವತ್ತೈದು-ನಲವತ್ತೊಂಬತ್ತು ಸಿಕ್ಕಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹುರುಪು ಬಂತು. ಪಂಚಮಕ್ಕೆ ಬಂದು ಸಿಕ್ಕಿಬಿದ್ದೆ.

ಬೇಕಾದದ್ದು ಒಂದು ಬಿಂದು ನಾಲ್ಕು ಒಂಬತ್ತು ಎಂಟು ಮೂರು. ಮೂರು-ಎರಡು ಎಂದರೆ ಒಂದೂವರೆ. ಎಷ್ಟು ಹತ್ತಿರ ನೋಡಿ. ಹತ್ತಿರ ಇದ್ದದ್ದೇ ಪೀಕಲಾಟ. ಅದಕ್ಕಿಂತ ಹತ್ತಿರದ ಜೋಡಿ ನನ್ನ ಮಿಷನ್ನಿಗೆ ಹಿಡಿಯುವ ನೂರಿಪ್ಪತ್ತು ಹಲ್ಲಿನೊಳಗೆ ಒಂದೂ ಇರಲಿಲ್ಲ. ನಾನೂರಾ ನಲವತ್ತೆರಡು-ಇನ್ನೂರಾ ತೊಂಬತ್ತೈದು ಅಂತ ಒಂದು ಹೊರಬಿತ್ತು. ಅಷ್ಟು ದೊಡ್ಡ ಚಕ್ರವನ್ನು ಬಾಗಿಲಲ್ಲಿ ತರುವುದೂ ಕಷ್ಟ. ಮಧ್ಯಮವೂ ಅದೇ ಜಾತಿ. ಪೆನ್ಸಿಲು ಎಸೆದೆ.

"ಏನಾತೋ?" ಎಂದಳು ಅವ್ವ.

"ಸಾ ಇಲ್ಲೆ ಐತಿ ಬೇ. ಪಾ ಎಲ್ಲಿ ಬೇಕೋ ಅಲ್ಲಿಗೆ ಹಲ್ಲು ಮುಟ್ಟವಲ್ಲು."

ಅವ್ವ ನಮ್ಮ ಓಣಿಯ ಮಠದ ಭಜನೆಯವಳು, ಸೋಮವಾರ ಸೋಮವಾರ ತಪ್ಪದೆ ಹೋಗುತ್ತಾಳೆ. ಆಕೆ ನಕ್ಕಳು.

"ನಿನ್ನ ಸಾ ಏನ್ ಗೂಟ ಬಡದಂಗ ಐತೇನು? ನಮ್ಮ ಭಜನಿಯಾಗ ಯಾರು ಮೊದ್ಲ ಎತ್ತತಾರೋ ಅವರ ಬಾಯಾಗ ಬಂದದ್ದ ಸಾ. ಮೊನ್ನಿ ನೀಲವ್ವ ಎಲ್ಲೋ ಎತ್ತಿಬಿಟ್ಟಳು. ಪೇಟಿಯಾಂವ ಹುಡುಕ್ಯಾಡಿ ಹಿಂದ ಬಂದ. ಹಾಡು ನಿಂತಿತೇನು?"

ಎಸೆದ ಪೆನ್ಸಿಲನ್ನು ಮತ್ತೆ ಎತ್ತಿಕೊಂಡೆ. ಹೌದಲ್ಲ. ಶಾಫ್ಟು ತಿರುಗಿದಷ್ಟೇ ಸಾ ತಿರುಗಬೇಕು ಎಂದು ನನಗೆ ಯಾರು ಹೇಳಿದ್ದು? ನಾನು ಸಾ ಸ್ವರವನ್ನು ಶಾಫ್ಟಿಗೆ ಒಂದಕ್ಕೊಂದು ಕಟ್ಟಿಹಾಕಿ ಕೂತಿದ್ದೆ, ಅದಕ್ಕೇ ಪಂಚಮ ಮೂರು-ಎರಡಕ್ಕೆ ಅಂಟಿಕೊಂಡಿತ್ತು. ಸಾ ಸ್ವರವನ್ನೂ ಒಂದು ಜೋಡಿ ಗೇರಿನ ಮೇಲೆ ಕೂರಿಸಿ ಸ್ವಲ್ಪ ಪಕ್ಕಕ್ಕೆ ಸರಿಸಿದರೆ, ಸಾ ಮತ್ತು ಪಾ ನಡುವೆ ಎರಡಲ್ಲ, ನಾಲ್ಕು ಅಂಕಿ ಕೈಗೆ ಬರುತ್ತವೆ. ಶಾಫ್ಟು ಬರೀ ಶಾಫ್ಟು, ಅದಕ್ಕೆ ಸ್ವರವೇ ಇಲ್ಲ. ನಾನು ಎಂಜಲು ಕೈಯಲ್ಲೇ ಅವ್ವನ ಗಲ್ಲ ಹಿಡಿದೆ. "ಹುಚ್ಚ ಹಿಡೀತೇನೋ ನಿನಗ, ಕೈ ತೊಳಿ," ಎಂದು ಬೈದಳು.

ಸಾ ಎಂಬತ್ತೈದು-ನೂರನಾಲ್ಕು. ಆಗ ಪಾ ಅರವತ್ತು-ನಲವತ್ತೊಂಬತ್ತು. ಗುಣಿಸಿದೆ, ಭಾಗಿಸಿದೆ, ಮತ್ತೊಮ್ಮೆ ಭಾಗಿಸಿದೆ. ಒಂದು ಪಾಲಿನಲ್ಲಿ ಎಂಟನೆಯ ಒಂದಂಶ ತಪ್ಪು, ಅಷ್ಟೇ. ಮಾ ಎಪ್ಪತ್ತೆರಡು-ಅರವತ್ತಾರು, ಅದು ಇನ್ನೂ ಚಂದ ಕೂತಿತು. ರಿಷಭಕ್ಕೆ ಹೊಸ ಜೋಡಿ ಬೇಕಾಯಿತು, ಎಪ್ಪತ್ತೆಂಟು-ಎಂಬತ್ತೈದು. ಕೋಮಲ ರಿಷಭಕ್ಕೆ ಎಪ್ಪತ್ತೊಂದು ಹಲ್ಲಿನದೊಂದು ಬಂತು. ಹಲ್ಲಿನ ಅಂತರ ಪಾಲು ಮಾಡುವ ನನ್ನ ತೂತಿನ ತಟ್ಟೆಯಲ್ಲಿ ಎಪ್ಪತ್ತೊಂದು ಭಾಗವಾಗುವ ಸಾಲೇ ಇಲ್ಲ. ಇಲ್ಲದಿದ್ದರೆ ಏನಾಯಿತು, ತಟ್ಟೆಯನ್ನೇ ನಿಧಾನ ತಿರುಗಿಸುವ ಇನ್ನೊಂದು ಗೇರು ಹಚ್ಚಿ ಕಡಿಯುವ ಯುಕ್ತಿ ಅಪ್ಪ ಕಲಿಸಿದ್ದ. ಹನ್ನೆರಡೂ ಜೋಡಿ ಸಿಕ್ಕ ಮೇಲೆ ಸೈಕಲ್ ಹತ್ತಿ ಮಾಸ್ತರರ ಮನೆಗೆ ಓಡಿದೆ.

ಅವರು ಬಾಗಿಲಲ್ಲೇ ಅಡ್ಡ ನಿಂತರು. "ಸಾ ಅಲುಗಸ್ತೀಯಾ? ಸಾ ಮತ್ತ ಪಾ ಅಚಲ, ಮೌನೇಶಪ್ಪಾ. ಎಲ್ಲಾ ಸ್ವರ ಏರಿಳೀತಾವ, ಅವೆರಡು ಇಳಿಯಂಗಿಲ್ಲ. ಇದ ನಂಬಿ ಬದುಕೇನಿ ನಾನು."

"ಹೌದ್ರಿ ಮಾಸ್ತರ. ಆದ್ರ ಮ್ಯಾಲ ಇರಾಕಿ ನನ್ನ ಹೇಣ್ತಿ."

ಅವರು ಬಾಗಿಲಿನಿಂದ ಸರಿದರು. ಆಮೇಲೆ ಒಳಗೆ ಹೋಗಿ ಶ್ರುತಿಕವೆಯನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದು, "ನಡಿ," ಎಂದರು.

ಶಾಪಿನ ನಾಲ್ಕು ಜನ, ನಾನು ಸೇರಿ ಐದು, ಪಾಳಿಯ ಮೇಲೆ ನಿಂತು ಗುರುವಾರ ಮಧ್ಯಾಹ್ನ ನಾಲ್ಕರವರೆಗೆ ಕಡಿದೆವು. ಎಪ್ಪತ್ತೊಂದರ ಚಕ್ರ ಒಮ್ಮೆ ಕೆಟ್ಟಿತು. ಕೊನೆಯ ಹಲ್ಲು ಕಡಿಯುವಾಗ ನೋಡಿದರೆ ಅರ್ಧ ಹಲ್ಲಿನ ಜಾಗ ಉಳಿದಿತ್ತು. ನಾನು ಸದ್ದಿಲ್ಲದೆ ಅದನ್ನು ಬದಿಗಿಟ್ಟು ಇನ್ನೊಂದು ಬಿಲ್ಲೆ ಏರಿಸಿದೆ. ಅಳುವುದಕ್ಕೆ ಹೊತ್ತಿರಲಿಲ್ಲ.

ಗುಡ್ಡದ ಮೇಲೆ ತ್ರಿವೇಣಿ ಈ ಸಲ ಪ್ರತಿ ಗೇರಿನ ಹಲ್ಲು ತಾನೇ ಎಣಿಸಿದಳು. ಹಾಳೆಯ ಅಂಕಿಯ ಎದುರು ಒಂದೊಂದಾಗಿ ಗುರುತು ಹಾಕಿದಳು. ಹನ್ನೆರಡು ಗುರುತು ಬಿದ್ದ ಮೇಲೆ ನನ್ನ ಕಡೆ ನೋಡಿ, "ಸಾ ಸ್ವರಕ್ಕೂ ಗೇರು ಹಾಕೀರಿ," ಎಂದಳು.

"ನಮ್ಮ ಅವ್ವನ ಐಡಿಯಾರಿ."

"ಅವರನ್ನ ಕೇಂದ್ರಕ್ಕ ಕೆಲಸಕ್ಕ ಕಳಸ್ರಿ."

ಇನ್ನೊಂದು ತೊಡಕು ಇತ್ತು. ಗೇರುಗಳು ಸ್ವರಗಳ ನಡುವಿನ ಅಂತರ ಕಾಯುತ್ತವೆ, ವೇಗ ಕಾಯುವುದಿಲ್ಲ. ಎಂಜಿನ್ನು ಸ್ವಲ್ಪ ನಿಧಾನವಾದರೂ ಹನ್ನೆರಡೂ ಸ್ವರ ಒಟ್ಟಿಗೇ ಕೆಳಗಿಳಿಯುತ್ತವೆ. ಶ್ರುತಿಕವೆ ಮತ್ತು ಸಾ ಒಂದೇ ಇದ್ದರೆ ದನಿ ನೇರ ನಿಲ್ಲುತ್ತದೆ, ತುಸು ತಪ್ಪಿದರೆ ದನಿಯಲ್ಲಿ ಅಲೆ ಏಳುತ್ತದೆ. ನಾಲ್ಕು ಸೆಕೆಂಡಿಗೆ ಒಂದು ಅಲೆ ಎದ್ದರೆ ಒಂದು ಪಾಲು ತಪ್ಪಿದಂತೆ. ಅಂಥ ಅಲೆಯನ್ನು ಹಿಡಿಯುವ ಕಿವಿ ನಮ್ಮ ಜಿಲ್ಲೆಯಲ್ಲಿ ಒಂದೇ ಇತ್ತು.

"ಮ್ಯಾಲಿನ ಸ್ವರ ನನಗ ಕೇಳಬಾರ್ದು," ಎಂದರು ಮಾಸ್ತರರು. "ಆ ಗಾಂಧಾರ ಕಿವಿಗೆ ಬಿದ್ರ ನನ್ನ ಕೈ ತಾನಾಗಿ ತಿದ್ದಾಕ ಹೋಕ್ಕೈತಿ." ಎರಡೂ ಕಿವಿಗೆ ಅರಳೆ ತುರುಕಿಕೊಂಡರು. ಶ್ರುತಿಕವೆಯ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರು. ಒಂದು ಕೈಯನ್ನು ಸಾ ಚಕ್ರದ ಬೇರಿಂಗಿನ ಮೇಲಿಟ್ಟರು. ಎಲುಬಿನಿಂದ ಕೇಳುತ್ತಾರಂತೆ. ಇನ್ನೊಂದು ಕೈಯ ಬೆರಳು ನನಗೆ: ಮೇಲೆತ್ತಿದರೆ ಪಟ್ಟಿ ಸಡಿಲು, ಇಳಿಸಿದರೆ ಬಿಗಿ.

ಪಡುವಣದಲ್ಲಿ ಚುಕ್ಕೆ ಮೂಡಿತು. ನಾನು ಎಂಜಿನ್ನು ಬೇಕಾದದ್ದಕ್ಕಿಂತ ತುಸು ಜೋರಾಗಿ ಬಿಟ್ಟು, ತೊಗಲಿನ ಪಟ್ಟಿಯಿಂದ ವೇಗ ಹಿಡಿದಿಟ್ಟೆ. ಮೈಕು ಹಿಡಿಯಲು ಕೈ ಬಿಡುವಿರಲಿಲ್ಲ. ಮಾಸ್ತರರ ಬೆರಳು ಕೆಳಗೆ, ಕೆಳಗೆ, ಸ್ವಲ್ಪ ಮೇಲೆ. ನಿಂತಿತು. ತ್ರಿವೇಣಿ ಸಾ ಸ್ವರದ ಸ್ವಿಚ್ಚು ಒತ್ತಿದಳು. ಎರಡನೆಯದನ್ನು ಕೂಡಿಸಿದಳು.

ಅಯ್ಯೋ ಆ ದನಿ. ನಿನ್ನೆ ಜೇನು ಸುರಿದ ಜಾಗದಲ್ಲಿ ಇಂದು ಮರಳು. ಗಾಂಧಾರ ಬಂದಾಗ ಸಾ ಜೊತೆ ಅದು ಗರಗರ ನಡುಗಿತು, ನಿನ್ನೆ ಟೋಪಿ ತೆಗೆದಿದ್ದ ಕಾವಲುಗಾರ ಮುಖ ತಿರುಗಿಸಿದ. ಮಾಸ್ತರರು ಮಾತ್ರ ಕಣ್ಣು ಮುಚ್ಚಿ ಕಲ್ಲಿನಂತೆ ಕೂತಿದ್ದರು, ಆ ಒಂದು ಬೆರಳು ಬಿಟ್ಟರೆ ಮೈಯಲ್ಲಿ ಚಲನೆ ಇರಲಿಲ್ಲ. ಆರು, ಏಳು, ಎಂಟು. ತ್ರಿವೇಣಿ ಗಟ್ಟಿಯಾಗಿ ಎಣಿಸುತ್ತಿದ್ದಳು. ಪಟ್ಟಿ ಕಾದು ಹೊಗೆಯಾಡತೊಡಗಿತು, ನನ್ನ ಅಂಗೈ ಸುಡುತ್ತಿತ್ತು. ಒಂಬತ್ತನೆಯದರ ನಡುವೆ ಎಂಜಿನ್ನು ಒಮ್ಮೆ ಕೆಮ್ಮಿತು. ಮಾಸ್ತರರ ಬೆರಳು ಸರಕ್ಕನೆ ಮೇಲೆ ಹೋಯಿತು, ನಾನು ಪಟ್ಟಿ ಬಿಟ್ಟೆ. ಭಾರಚಕ್ರ ಆ ಕೆಮ್ಮನ್ನು ನುಂಗಿಕೊಂಡಿತು. ಬೆರಳು ಕೆಳಗೆ. ಮತ್ತೆ ಹಿಡಿದೆ. "ಒಂಬತ್ತು ಇನ್ನೊಮ್ಮೆ," ಎಂದಳು ತ್ರಿವೇಣಿ. ಹೊತ್ತು ಸರಿಯುತ್ತಿತ್ತು, ಚುಕ್ಕೆ ನೆತ್ತಿ ದಾಟಿತ್ತು. ಹತ್ತು. ಹನ್ನೊಂದು. ಹನ್ನೆರಡು.

ಎಂಜಿನ್ನು ಆರಿಸಿದೆ.

ಒಂದು ಹೊಳಪು. ಎರಡು. ನಾನು ಎಣಿಸುವುದನ್ನು ಬಿಟ್ಟುಬಿಟ್ಟೆ, ಹೆದರಿಕೆಯಾಯಿತು. ತ್ರಿವೇಣಿ ಎಣಿಸಿದಳು. ಐದರ ಮೇಲೆ ಆಕೆಯ ದನಿ ಒಡೆಯಿತು. ಕಿವಿಯಲ್ಲಿ ಅರಳೆ ಇದ್ದ ಮಾಸ್ತರರು ನನ್ನ ತೋಳು ಹಿಡಿದು, "ಎಷ್ಟಾತು, ಎಷ್ಟಾತು," ಎಂದು ಅಲುಗಿಸುತ್ತಿದ್ದರು. ಹನ್ನೆರಡನೆಯದು ಗುಡ್ಡದ ಅಂಚಿಗೆ ತಾಗುವಂತೆ ಹೊಳೆಯಿತು. ನಾನು ಅವರ ಮುಖದ ಮುಂದೆ ಹತ್ತು ಬೆರಳು, ಆಮೇಲೆ ಎರಡು ಬೆರಳು ತೋರಿಸಿದೆ. ಇಬ್ಬರೂ ತಬ್ಬಿಕೊಂಡು ಟ್ರೇಲರಿನಿಂದ ಕೆಳಗೆ ಬಿದ್ದೆವು.

ನೌಕೆ ಆ ಇರುಳೇ ಇಳಿಯಿತು. ಸುದ್ದಿ ತರಲು ಫೋನಿಲ್ಲ, ಆದ್ದರಿಂದ ನಮಗೆ ತಿಳಿದದ್ದು ಶನಿವಾರ, ಸಾಕ್ಷಾತ್ ವಿಶಾಲಾಕ್ಷಿಯೇ ಹಳೆಯ ಕಾಲದ ತರಕಾರಿ ಲಾರಿಯೊಂದರ ಮುಂದಿನ ಸೀಟಿನಿಂದ ಇಳಿದು ಶಾಪಿನೊಳಗೆ ಬಂದಾಗ. ಮುಖ ಬಿಳಿಚಿತ್ತು, ನಡಿಗೆ ತೂರಾಡುತ್ತಿತ್ತು. ನಾನು ಓಡಿ ಹೋಗಿ ಹಿಡಿದುಕೊಂಡೆ. ಅತ್ತೆನೋ ನಕ್ಕೆನೋ ತಿಳಿಯದು. ಶಾಪಿನವರು ಎರಡೂ ಎಂದು ಹೇಳುತ್ತಾರೆ. ಆಕೆ ನನ್ನ ಕೈಯ ಬೊಬ್ಬೆಗಳನ್ನು ನೋಡಿ ಒಂದೊಂದನ್ನೇ ಮುಟ್ಟಿದಳು.

ಅವ್ವ ಬುತ್ತಿ ಕಟ್ಟಿಕೊಂಡು ಬಂದಳು. ಗುಡ್ಡದಿಂದ ಇಳಿಸಿ ತಂದ ಟ್ರೇಲರು, ಅದರ ಸ್ಪೀಕರು ಸಮೇತ, ಶಾಪಿನಲ್ಲೇ ನಿಂತಿತ್ತು. ಮಾಸ್ತರರಿಗೂ ಹೇಳಿ ಕಳಿಸಿದೆ. ಅವರು ಬಂದವರು ಬಾಗಿಲ ಹತ್ತಿರವೇ ನಿಂತರು, ಒಳಗೆ ಬರಲಿಲ್ಲ.

"ಮಾಸ್ತರ, ಬುಧವಾರದ್ದು ಯಾರು ಹಚ್ಚಿದ್ದು?" ಎಂದು ಕೇಳಿದಳು ವಿಶಾಲಾಕ್ಷಿ, ರೊಟ್ಟಿ ಮುರಿಯುತ್ತ.

"ನಾನ ಯವ್ವಾ. ತಪ್ಪು ನಂದು. ನಿನ್ನ ಒಂದು ದಿನದ ಗಾಳಿ ತಿಂದೆ."

"ತಪ್ಪು ಅಂತ ಕೇಳಿಲ್ರಿ. ಹುಟ್ಟಿದಾಗಿಂದ ಅಂಥಾ ಸುರ್ ಕೇಳಿಲ್ಲ ನಾ. ಕೊಕ್ಕಿ ಬಿಡ್ಲಿಲ್ಲ ಅಂತ ಗೊತ್ತಾತು. ಆದ್ರೂ ಮನಸ್ಸು ತಣ್ಣಗಾತು. ಸಾಯೂದಾದ್ರ ಹಿಂಗ ಸಾಯಬೇಕು ಅನ್ಕೊಂಡು, ಬೆಳಕು ಆರಿಸಿ, ಅದನ್ನ ಮನಸಿನ್ಯಾಗ ಕೇಳ್ಕೋತ ಮಲಗಿಬಿಟ್ಟಿದ್ದೆ. ಮರುದಿನ ಏಳಬೇಕು ಅಂತ ಇರಲಿಲ್ಲ." ಆಕೆ ಒಂದು ತುತ್ತು ನುಂಗಿದಳು. "ಗುರುವಾರ ಸಂಜೀಕ ಕಿವಿಯಾಗ ಆ ಇನ್ನೊಂದು ಬಂತು ನೋಡ್ರಿ. ಬೇಸೂರು. ಹಲ್ಲು ಕಡದಂಗ ಆತು. ಯಾವ ಸುಡುಗಾಡು ಪೇಟಿ ಇದು ಅಂತ ಸಿಟ್ಟಿಗೆದ್ದು ಕುಂತೆ. ಕುಂತಾಗ ಟಕ್ ಅಂತು. ಕೊಕ್ಕಿ."

ಅವ್ವ ಬುತ್ತಿಯಿಂದ ಇನ್ನೊಂದು ರೊಟ್ಟಿ ತೆಗೆದು ಆಕೆಯ ಮುಂದಿಟ್ಟಳು.

"ಈಗ ಸಮಾಧಾನದಿಂದ ಕೇಳಬೇಕು ಅನಸ್ತದ," ಎಂದಳು. "ಬುಧವಾರದ ಗೇರು ಇನ್ನೂ ಅದಾವಲ್ಲ? ಹಚ್ಚಸ್ರಿ ಮಾಸ್ತರ."

ಮಾಸ್ತರರು ಅಂದು ಮೊದಲ ಸಲ ಆಕೆಯ ಮುಖವನ್ನು ನೇರ ನೋಡಿದರು. ಐವತ್ತು ವರ್ಷ ಆ ಶುದ್ಧ ಸ್ವರಕ್ಕಾಗಿ ರೀಡು ಉಜ್ಜಿದ ಮನುಷ್ಯ ಅಡ್ಡಡ್ಡ ತಲೆಯಾಡಿಸಿದರು.

"ಅದು ಬ್ಯಾಡ ಯವ್ವಾ. ಅದನ್ನ ಕೇಳ್ಕೋತ ನೀ ಮಲಗಿದ್ದಿ." ನನ್ನ ಕಡೆ ತಿರುಗಿ, "ಮೌನೇಶಪ್ಪಾ, ಎಂಜಿನ್ ಹಚ್ಚು. ಗುರುವಾರದ್ದು ಹಾಕು. ನಾನೂ ಒಮ್ಮೆ ಕಿವಿ ತಗದು ಕೇಳ್ತೀನಿ," ಎಂದರು.

ನಾನು ಎಂಜಿನ್ನಿನ ಹಿಡಿಕೆ ತಿರುವಿದೆ. ಅವರು ಒಳಗೆ ಬಂದು ವಿಶಾಲಾಕ್ಷಿಯ ಪಕ್ಕದಲ್ಲಿ ಕೂತರು.